ನೆಗೆಣ್ಣಿಯ ಐದು ಗಾಲಿ

ನನ್ನ ನೆಗೆಣ್ಣಿಯ ಬಲಗಾಲಿನ ಬೆಳ್ಳಿ ಕಾಲುಂಗುರ ಒಂದು ಬದಿಗೆ ಸವೆದು ತಗಡಿನಂತೆ ತೆಳ್ಳಗಾಗಿತ್ತು. ಎಡಗಾಲಿನದು ಮಾತ್ರ ಮದುವೆಯಲ್ಲಿ ತೊಡಿಸಿದಾಗ ಇದ್ದಷ್ಟೇ ದಪ್ಪಗಿತ್ತು. ಅವಳು ಬರಿಗಾಲಲ್ಲೇ ಜೀಪು ಹೊಡೆಯುತ್ತಿದ್ದಳು. ಹತ್ತುವ ಮುಂಚೆ ಚಪ್ಪಲಿ ಕಳಚಿ ಸೀಟಿನ ಕೆಳಗೆ ತಳ್ಳುವುದು, ಸೀರೆಯ ನೆರಿಗೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಳ್ಳುವುದು, ಆಮೇಲೆ ಬಲಗಾಲನ್ನು ಎಕ್ಸಿಲೇಟರಿನ ಮೇಲೆ ಇಟ್ಟರೆ ಊರು ಬರುವತನಕ ತೆಗೆಯುವ ಮಾತಿಲ್ಲ. "ಚಪ್ಪಲಿ ಇದ್ರ ಎಂಜಿನ್ ಏನ ಅಂತದ ಅಂತ ಅಂಗಾಲಿಗಿ ತಿಳಿಯೂದಿಲ್ಲ" ಎನ್ನುತ್ತಿದ್ದಳು. ಆ ಸವೆದ ಕಾಲುಂಗುರದ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು ಎಂದರೆ ನೀವು ನಗುತ್ತೀರಿ. ನಗಿರಿ. ನನ್ನ ಕಾಲುಂಗುರಗಳು ಅಡುಗೆಮನೆಯ ಪರಸಿ ಕಲ್ಲಿನ ಮೇಲೆ ಎರಡೂ ಒಂದೇ ಸಮ ಸವೆದವು. ಅವನ್ನು ಯಾರೂ ಬಗ್ಗಿ ನೋಡಲಿಲ್ಲ.

ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಒಂದೇ ಮನೆಗೆ ಬಂದ ಇಬ್ಬರು ಸೊಸೆಯರಲ್ಲಿ ಅವಳು ದೊಡ್ಡವಳು, ನಾನು ಸಣ್ಣವಳು. ಎದುರಿಗೆ ನಾನು "ಅಕ್ಕಾರ" ಎಂದು ಬಹುವಚನ ಹಚ್ಚುತ್ತಿದ್ದೆ. ಮನಸ್ಸಿನೊಳಗೆ ಎಂದೂ "ಅವರು" ಎಂದವಳಲ್ಲ. ಈಗ ಬರೆಯಲು ಕುಳಿತಾಗ ಮನಸ್ಸಿನಲ್ಲಿದ್ದ ಮಾತೇ ಪೆನ್ನಿಗೆ ಬರುತ್ತಿದೆ, ಬರಲಿ. ಅವಳು ಕೇಳಿದ್ದರೆ ಬಾಯ್ತುಂಬ ನಗುತ್ತಿದ್ದಳು. ಆ ನಗು ನಾಲ್ಕು ಮನೆಯಾಚೆಗೂ ಕೇಳುತ್ತಿತ್ತು, ಅದೂ ನನಗೆ ಸೇರುತ್ತಿರಲಿಲ್ಲ.

ಹೊಟ್ಟೆಕಿಚ್ಚು ಶುರುವಾದದ್ದು ನನ್ನ ಮದುವೆಯ ದಿನವೇ. ನನ್ನ ತವರು ಶೇಗಾಂವ. ಅಕ್ಷತೆ ಬಿದ್ದು, ಊಟವಾಗಿ, ನನ್ನನ್ನು ಉಮದಿಯ ಹತ್ತಿರದ ಈ ಊರಿಗೆ ಕರೆದೊಯ್ಯಲು ಜೀಪು ಬಂತು. ಬಾಗಿಲ ಮುಂದೆ ನಿಂತ ಜೀಪಿನ ಡ್ರೈವರ್ ಸೀಟಿನಲ್ಲಿ ಇಳಕಲ್ ಸೀರೆಯುಟ್ಟ ಹೆಂಗಸು. ನಮ್ಮ ಓಣಿಯ ಮಂದಿಗೆ ಮದುಮಗಳು ಮರೆತೇಹೋಯಿತು. ಹಣೆಗೆ ಬಾಸಿಂಗ ಕಟ್ಟಿಕೊಂಡು, ಅಳುವುದಕ್ಕೆ ತಯಾರಾಗಿ ನಾನು ಹೊರಗೆ ಬಂದರೆ, ನನ್ನ ಗೆಳತಿಯರೆಲ್ಲ ಜೀಪಿನ ಸುತ್ತ ನಿಂತು ಅವಳು ಗೇರು ಹಾಕುವುದನ್ನು ನೋಡುತ್ತಿದ್ದರು. ನಮ್ಮ ಸೋದರಮಾವನಂತೂ ಅವಳೊಂದಿಗೆ ಎಂಜಿನ್ನಿನ ವಿಚಾರ ಮಾತಾಡುತ್ತ ನಿಂತುಬಿಟ್ಟ. ಒಂದು ಹೆಣ್ಣಿನ ಬದುಕಿನಲ್ಲಿ ಮಂದಿ ಅವಳನ್ನು ನೋಡುವುದು ಅದೊಂದೇ ದಿನ. ಆ ದಿನವನ್ನೂ ಅವಳು ಹೊಡೆದುಕೊಂಡು ಹೋದಳು.

ಅವಳು ಯಳವಿಯವಳು. ಅವಳ ತಂದೆ ಬಹಳ ವರ್ಷ ವಡಾಪ್ ಗಾಡಿ ಓಡಿಸಿದವರು, ಅಂದರೆ ಸರಕಾರಿ ಎಸ್ಟಿ ಬಸ್ಸು ಬರದ ಊರುಗಳಿಗೆ ಮಂದಿಯನ್ನು ತುಂಬಿಕೊಂಡು ಹೋಗುವ ಜೀಪು. ಗಂಡುಮಕ್ಕಳಿಲ್ಲದ ಅವರು ಮಗಳಿಗೇ ಸ್ಟಿಯರಿಂಗ್ ಕೊಟ್ಟರು. ನಮ್ಮ ಭಾವನವರು ಜತ್ತಿನಲ್ಲಿ ಕಚೇರಿಯ ಕೆಲಸದಲ್ಲಿದ್ದಾರೆ. ಬಹಳ ಒಳ್ಳೆಯ ಮನುಷ್ಯ, ಆದರೆ ಜೀಪಿನ ಮುಂದಿನ ಸೀಟಿನಲ್ಲಿ ಕೂತರೂ ತಲೆ ಸುತ್ತಿ ವಾಂತಿ ಮಾಡಿಕೊಳ್ಳುತ್ತಾರೆ. ಹಾಗಾಗಿ ಮನೆಯ ಜೀಪಿನ ಕೀಲಿ ಮದುವೆಯಾದ ವರ್ಷವೇ ಅವಳ ಎಲೆ-ಅಡಿಕೆಯ ಚೀಲದೊಳಗೆ ಹೋಗಿ ಕೂತಿತು. ಆ ಚೀಲ ಹಗಲಿರುಳು ಅವಳ ಸೊಂಟದಲ್ಲಿ. ನನ್ನ ಗಂಡ ಕೀಲಿ ಕೇಳಿದರೆ ಮೊದಲು ಎಲ್ಲಿಗೆ, ಯಾಕೆ, ಎಷ್ಟು ಹೊತ್ತಿಗೆ ಎಂದು ವಿಚಾರಣೆ ನಡೆಯುತ್ತಿತ್ತು.

ಜೀಪಿಲ್ಲದೆ ನಮ್ಮ ಮನೆ ನಡೆಯುವುದಿಲ್ಲ. ದಾಳಿಂಬೆ ಹಚ್ಚಿರುವುದು ಊರ ಮೇಲಿನ ಮಡ್ಡಿಯಲ್ಲಿ, ಅಲ್ಲಿಗೆ ಹೋಗುವ ದಾರಿಯೆಲ್ಲ ಕಲ್ಲು. ಜೋಳ, ಕಡಲೆ ಬೆಳೆಯುವ ಎರೆಹೊಲ ಹಳ್ಳದಾಚೆ. ಮಳೆಯಾದರೆ ಆ ಕರಿಮಣ್ಣು ನಡೆಯುವವರ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಒಂದೇ ಗಾಡಿ ಈ ಎರಡೂ ನೆಲದಲ್ಲಿ ಓಡಬೇಕು. ಓಡಿಸುತ್ತಿದ್ದವಳು ಅವಳೊಬ್ಬಳೇ. ಊರಲ್ಲಿ ಯಾರಿಗಾದರೂ ಹೊಟ್ಟೆನೋವು ಬರಲಿ, ಯಾರದಾದರೂ ಎಮ್ಮೆ ಕಂದಕಕ್ಕೆ ಬೀಳಲಿ, ನಮ್ಮ ಬಾಗಿಲಿಗೆ ಬಂದು "ದೊಡ್ಡಕ್ಕಾರು ಅದಾರೇನ್ರಿ?" ಎಂದೇ ಕೇಳುವರು. ಬಾಗಿಲಲ್ಲಿ ನಾನು ನಿಂತಿರುತ್ತಿದ್ದೆ. ನನ್ನ ಭುಜದ ಮೇಲಿನಿಂದ ಒಳಗೆ ಇಣುಕುವರು.

ಅವಳಲ್ಲಿ ಹೆಸರಿಡುವಂಥದ್ದು ಏನೂ ಇರಲಿಲ್ಲವೆಂದಲ್ಲ. ಅವಳ ರೊಟ್ಟಿ ಹಂಚಿನಷ್ಟೇ ದಪ್ಪ, ಒಂದು ಬದಿ ಕರಿಕು. ಪಲ್ಯಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ಅವಳಿಗೇ ನೆನಪಿರುತ್ತಿರಲಿಲ್ಲ. ಮಧ್ಯಾಹ್ನ ಮಲಗಿದರೆ ಗೊರಕೆ. ಹಬ್ಬಕ್ಕೆ ಹಾಡು ಹಾಡೆಂದರೆ ಕೂತವರು ಕಿವಿ ಮುಚ್ಚಿಕೊಳ್ಳಬೇಕು. ನನ್ನ ರೊಟ್ಟಿ ಹಾಳೆಯಂತೆ ತೆಳ್ಳಗೆ, ನನ್ನ ಶೇಂಗಾ ಹೋಳಿಗೆಗೆ ನಮ್ಮ ಓಣಿಯಲ್ಲೇ ಸಾಟಿಯಿಲ್ಲ. ಆದರೆ ತಿಂದ ರೊಟ್ಟಿಯನ್ನು ಯಾರು ನೆನಪಿಡುತ್ತಾರೆ? ಕೆಸರಿನಿಂದ ಎಳೆದ ಎಮ್ಮೆಯನ್ನು ಊರೇ ನೆನಪಿಡುತ್ತದೆ.

ಜೀಪಿನ ಗಾಲಿಗಳು ಬೋಳಾದಾಗ ಮನೆಯಲ್ಲಿ ದೊಡ್ಡ ಚರ್ಚೆ ನಡೆಯಿತು. ನನ್ನ ಗಂಡ ಸಾಂಗಲಿಯಲ್ಲಿ ಯಾರದೋ ಜೀಪಿಗೆ ಹಾಕಿದ ಅಗಲ ಗಾಲಿ ನೋಡಿಬಂದಿದ್ದರು. ಪೈಲವಾನನ ತೊಡೆಯಂತೆ ಹೊರಗೆ ಚಾಚಿಕೊಂಡಿರುವ ಗಾಲಿ. ಅಂಥವೇ ನಾಲ್ಕು ಬೇಕು ಎಂದು ಕೂತರು. ನನಗೆ ಗಾಲಿಯ ಅಗಲವೂ ಗೊತ್ತಿಲ್ಲ, ಎತ್ತರವೂ ಗೊತ್ತಿಲ್ಲ. ಈ ಒಂದು ವಿಷಯದಲ್ಲಾದರೂ ನಮ್ಮ ಮನೆಯವರ ಮಾತು ನಡೆಯಲಿ ಎಂಬುದಷ್ಟೇ ನನ್ನ ಹಟ. ರಾತ್ರಿ ಅವರಿಗೆ ಬಡಿಸುವಾಗ ಹೋಳಿಗೆಯ ಮೇಲೆ ತುಪ್ಪ ಹೆಚ್ಚಿಗೆ ಹಾಕಿ ಧೈರ್ಯ ತುಂಬಿದೆ.

ಮರುದಿನ ಉಮದಿಯ ಟೈರಿನ ಅಂಗಡಿಗೆ ಎಲ್ಲರೂ ಹೋದೆವು, ಮಾವನವರೂ ಬಂದಿದ್ದರು. ಅಂಗಡಿಯ ಮುಸಲ್ಮಾನ ಮುದುಕರು ಅವಳ ತಂದೆಯ ಕಾಲದ ಪರಿಚಯದವರು. ಅವಳು ಅವರನ್ನು ಚಾಚಾ ಎನ್ನುತ್ತಿದ್ದಳು. ಅವರು ಅಗಲ ಗಾಲಿಯೊಂದನ್ನು ಹೊರಗೆ ಉರುಳಿಸಿ ತಂದು, ಇದನ್ನು ಹಾಕಿದರೆ ಗಾಡಿಯ ರುಬಾಬೇ ಬೇರೆ ಎಂದರು. ನನ್ನ ಗಂಡ ನನ್ನ ಕಡೆ ನೋಡಿ ಮೀಸೆ ತಿರುವಿದರು.

ಅವಳು ಏನೂ ವಾದ ಮಾಡಲಿಲ್ಲ. ಒಂದು ಗಾಲಿಯನ್ನು ಮುಂದಕ್ಕೆ ಹಾಕಿ ತೋರಿಸಿ ಎಂದಳು. ಹಾಕಿದ ಮೇಲೆ ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ಕೆಳಗಿಳಿದಳು. ಗಾಲಿಗೂ ಒಳಗಿನ ಸ್ಪ್ರಿಂಗಿನ ಕಮಾನು ಪಟ್ಟಿಗೂ ನಡುವೆ ತನ್ನ ಕೈ ತೂರಿಸಿದಳು. ಮಣಿಕಟ್ಟಿನ ತುಂಬ ಹಸಿರು ಬಳೆಯಿದ್ದ ಕೈ. ಬೆರಳು ಹೋದವು, ಬಳೆ ಸಿಕ್ಕಿಕೊಂಡವು. ಇದು ಅವಳ ಅಳತೆ. ಬಳೆ ತೊಟ್ಟ ಕೈ ಸಲೀಸಾಗಿ ಹೋಗಿ ಬರುವಷ್ಟು ಸಂದು ಇರಬೇಕು, ಯಾಕೆಂದರೆ ಎರೆಹೊಲದಲ್ಲಿ ಆ ಸಂದಿನಲ್ಲಿ ಮಣ್ಣು ತುಂಬುತ್ತದೆ, ಸಂದು ಸಾಲದಿದ್ದರೆ ಗಾಲಿಯೇ ತಿರುಗುವುದಿಲ್ಲ. ಅಂಗಡಿಯಲ್ಲಿ ಟೇಪಿತ್ತು. ಅವಳಿಗೆ ಅದು ಬೇಕಾಗಲಿಲ್ಲ.

ಆಮೇಲೆ ಮಾವನವರಿಗೆ ತಿಳಿಸಿ ಹೇಳಿದಳು. ಅಗಲ ಗಾಲಿ ಉಸುಕಿನ ನೆಲಕ್ಕೆ ಚಲೋ, ಮುಳುಗದೆ ಮೇಲೆ ಮೇಲೆ ಹೋಗುತ್ತದೆ. ನಮ್ಮ ಎರೆಯಲ್ಲಿ ಕೆಸರಿನ ಕೆಳಗೆ ಗಟ್ಟಿ ನೆಲವಿದೆ. ಅಗಲ ಕಡಿಮೆಯಿರುವ ಸಣ್ಣ ಗಾಲಿ ಕೆಸರನ್ನು ಕೊಯ್ದುಕೊಂಡು ಇಳಿದು ಅದನ್ನು ಹಿಡಿಯುತ್ತದೆ, ಅಗಲದ್ದು ಮೇಲೆಯೇ ಜಾರುತ್ತದೆ. ಮಡ್ಡಿಗೆ ಬೇಕಾದದ್ದು ಗಾಲಿಯ ಎತ್ತರ. ಎತ್ತರವಿದ್ದರೆ ಗಾಡಿಯ ಹೊಟ್ಟೆಗೆ ಕಲ್ಲು ತಾಗುವುದಿಲ್ಲ. ಇಷ್ಟು ಹೇಳಿ, "ಗಾಲಿ ನೆಲಾ ಕೇಳಿ ತಗೋಬೇಕ್ರಿ, ನೋಡೂ ಮಂದೀನ ಕೇಳಿ ಅಲ್ಲ" ಎಂದಳು. ಅದು ಅವಳು ಯಾವಾಗಲೂ ಆಡುತ್ತಿದ್ದ ಮಾತು. ನನ್ನ ಗಂಡ ಹೊರಗಿನ ರಸ್ತೆ ನೋಡತೊಡಗಿದರು.

ಇನ್ನೊಂದು ಜಗಳ ಸ್ಟೆಪ್ನಿಯದು. ನಾಲ್ಕು ಗಾಲಿ ತಂದರೆ ಸಾಕು, ಹಳೆಯದೊಂದು ಸ್ಟೆಪ್ನಿಗೆ ಇದ್ದೇ ಇದೆಯಲ್ಲ ಎಂದರು ನನ್ನ ಗಂಡ. ಅವಳು, "ನಾಕ ತರಾಂವ ಇದ್ರ ಒಂದೂ ತರಬ್ಯಾಡ" ಎಂದಳು. ಮುಂದಿನ ಗಾಲಿಗೂ ಶಕ್ತಿ ಕೊಡುವ ಗೇರು ಹಾಕಿದಾಗ ನಾಲ್ಕೂ ಒಂದೇ ಸಮ ತಿರುಗಬೇಕಂತೆ. ಒಂದು ದೊಡ್ಡದು, ಒಂದು ಸಣ್ಣದು ಇದ್ದರೆ ಒಳಗಿನ ಗೇರುಗಳು ಒಂದನ್ನೊಂದು ಕಚ್ಚಿ ಹಲ್ಲು ಮುರಿದುಕೊಳ್ಳುತ್ತವಂತೆ. ಮಾವನವರು ಎಲೆ ಮಡಚುತ್ತ, ದೊಡ್ಡಾಕಿ ಹೇಳಿದಂಗ ಮಾಡ್ರಿ ಎಂದುಬಿಟ್ಟರು. ಸ್ವಂತ ಮಗ ಪಕ್ಕದಲ್ಲೇ ನಿಂತಿದ್ದಾನೆ, ಸೊಸೆಯ ಮಾತಿಗೆ ತೂಕ. ಐದು ಗಾಲಿ ಬಂದವು, ಐದೂ ಅಗಲ ಕಡಿಮೆಯವು, ಐದೂ ಎತ್ತರದವು. ಮನೆಗೆ ಬರುವವರೆಗೆ ನಾನೂ ನನ್ನ ಗಂಡನೂ ಮುಖ ಊದಿಸಿಕೊಂಡು ಹಿಂದಿನ ಸೀಟಿನಲ್ಲಿ ಆ ಐದನೆಯದರ ಮೇಲೆ ಕಾಲಿಟ್ಟು ಕೂತಿದ್ದೆವು.

ಕಾಲಿಟ್ಟು ಎಂದೆ, ಯಾಕೆಂದರೆ ಅವಳು ಸ್ಟೆಪ್ನಿಯನ್ನು ಹೊರಗೆ ನೇತುಹಾಕುತ್ತಿರಲಿಲ್ಲ. ಹಿಂದಿನ ಬಾಗಿಲು ತಿರುಗುವ ಬಿಜಾಗರಿ ಅದರ ಭಾರಕ್ಕೆ ಸೀಳಿತ್ತು. ಒಳಗೆ, ಎದುರುಬದುರು ಎರಡು ಬಾಕು ಸೀಟಿನ ನಡುವೆ, ಕಾಲು ಇಡುವ ಜಾಗದಲ್ಲೇ ಅದನ್ನು ಅಡ್ಡ ಮಲಗಿಸಿ ಸರಪಳಿ ಬಿಗಿಯುತ್ತಿದ್ದಳು. ಕೂತವರೆಲ್ಲ ಮೊಣಕಾಲನ್ನು ಗದ್ದಕ್ಕೆ ತಂದುಕೊಂಡು ಕೂರಬೇಕು. ಎಲ್ಲರೂ ಗೊಣಗುವರು, ಯಾರ ಗೊಣಗಾಟಕ್ಕೂ ಅವಳು ಸೊಪ್ಪು ಹಾಕಲಿಲ್ಲ. ಊರ ಪಾಟೀಲರೇ ಒಮ್ಮೆ ಅದನ್ನು ಇಳಿಸು ಎಂದಾಗ, ನೀವು ಇಳಿದರೆ ಗಾಡಿ ಹೋಗುತ್ತದೆ, ಇದು ಇಳಿದರೆ ಹೋಗುವುದಿಲ್ಲ ಎಂದು ನಕ್ಕಳಂತೆ. ವರ್ಷಕ್ಕೆರಡು ಸಲ ಜಾಕು ಹಚ್ಚಿ, ಸ್ಟೆಪ್ನಿಯನ್ನು ಗಾಡಿಗೆ ಹಾಕಿ, ಗಾಡಿಯದೊಂದನ್ನು ಒಳಗೆ ಮಲಗಿಸುವಳು. ಐದೂ ಒಂದೇ ಸಮ ಸವೆಯಬೇಕು, ಸುಮ್ಮನೆ ಬಿದ್ದು ಒಣಗಿದ ರಬ್ಬರು ಹೊತ್ತಿಗೆ ಬರುವುದಿಲ್ಲ ಎನ್ನುವಳು. ದಸರೆಯ ಖಂಡೇಪೂಜೆಗೆ ಬೇರೆಯವರು ನಾಲ್ಕು ನಿಂಬೆಹಣ್ಣು ತಂದರೆ ನಮ್ಮ ಮನೆಗೆ ಐದು ಬರುತ್ತಿದ್ದವು. ಐದನೆಯದನ್ನು ಒಳಗೆ ಮಲಗಿದ್ದ ಗಾಲಿಯ ಮೇಲಿಟ್ಟು ವಿಭೂತಿ ಹಚ್ಚುವಳು.

ನನಗೆ ಕಲಿಸುತ್ತೇನೆ ಎಂದು ಒಂದೆರಡು ಸಲ ಕರೆದಳು. ಅಂಗಳದಲ್ಲಿ ಎಲ್ಲರೂ ಕೂತಿದ್ದಾಗ, "ಬಾ ತಂಗಿ, ಕುಂದ್ರ ಇಲ್ಲೆ" ಎಂದು ತನ್ನ ಸೀಟು ತಟ್ಟಿದಳು. ಆಸೆ ಎಷ್ಟಿತ್ತೆಂದರೆ ಕಾಲು ತಾವೇ ಎದ್ದವು. ಆದರೆ ಅವಳ ಕೈಯಿಂದ ಕಲಿತರೆ ಸಾಯುವತನಕ ಅವಳ ಶಿಷ್ಯೆಯಾಗಿಯೇ ಇರಬೇಕಲ್ಲ. ನನಗ್ಯಾಕ್ರಿ ಅಕ್ಕಾರ, ನಿಮಗ ಇರಲಿ ಎಂದು ಒಳಗೆ ಹೋಗಿ ಉಳ್ಳಾಗಡ್ಡಿ ಹೆಚ್ಚಿದೆ. ಕಣ್ಣೀರು ಬಂದರೂ ಯಾರೂ ಕೇಳುವುದಿಲ್ಲವಲ್ಲ.

ಇಷ್ಟನ್ನು ಹೇಗೋ ಸಹಿಸಿಕೊಳ್ಳುತ್ತಿದ್ದೆನೇನೋ. ಸಹಿಸಲಾಗದ್ದು ನನ್ನವ್ವನ ವಿಷಯ.

ನನಗೆ ಅಪ್ಪ ಇಲ್ಲ, ಅಣ್ಣತಮ್ಮಂದಿರಿಲ್ಲ. ತವರು ಎಂದರೆ ಅವ್ವ ಒಬ್ಬಳು, ಶೇಗಾಂವದಲ್ಲಿ ಸೋದರಮಾವನ ಮನೆಯಲ್ಲಿದ್ದಾಳೆ. ನೆಗೆಣ್ಣಿ ಯಾವ ಕೆಲಸಕ್ಕೆ ಆ ಕಡೆ ಹೋದರೂ ಅವ್ವನ ಬಾಗಿಲಿಗೆ ಜೀಪು ನಿಲ್ಲಿಸುವಳು. ಒಂದು ಚೀಲ ದಾಳಿಂಬೆ ಇಳಿಸಿ, ಅವ್ವನ ಕೈಯ ಚಹ ಕುಡಿದು, ಎಷ್ಟೋ ಹೊತ್ತು ಹರಟಿ ಬರುವಳು. ನಾನು ಅವ್ವನನ್ನು ನೋಡುವುದು ಹಬ್ಬಕ್ಕೊಮ್ಮೆ. ಹೋದಾಗ ಅವ್ವ ನನ್ನ ಮುಂದೆ ಅವಳ ಸುದ್ದಿಯನ್ನೇ ಹೇಳುವಳು. ಅವಳು ಹೀಗೆಂದಳು, ಅವಳು ಹಾಗೆ ನಕ್ಕಳು. ನಮ್ಮ ಮನೆಗೆ ಬಂದರಂತೂ ಅವ್ವ ಅಡುಗೆಮನೆಯಲ್ಲಿ ನನ್ನ ಹತ್ತಿರ ಕೂರದೆ ಅಂಗಳದಲ್ಲಿ ಜೀಪು ತೊಳೆಯುವವಳ ಹತ್ತಿರ ಮಣೆ ಹಾಕಿಕೊಂಡು ಕೂರುವಳು. ಹೊರಗೆ ಇಬ್ಬರ ನಗು, ಒಳಗೆ ನಾನು, ನನ್ನ ರೊಟ್ಟಿ. ಎದೆಯಲ್ಲಿ ಹಸಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಜೀಪು ಅವಳಿಗಿರಲಿ, ಮಾವ ಅವಳಿಗಿರಲಿ, ಊರೂ ಅವಳಿಗಿರಲಿ. ನನಗಿರುವುದು ಒಬ್ಬಳೇ ಅವ್ವ.

ಆ ವರ್ಷ ಎಳ್ಳಮಾವಾಸ್ಯೆಗೆ ಅವ್ವ ನಮ್ಮಲ್ಲಿದ್ದಳು. ನನ್ನ ಮಗ ಆಗ ಕೈಗೂಸು. ನಮ್ಮ ಕಡೆ ಅಂದು ಮನೆಮಂದಿಯೆಲ್ಲ ಎರೆಹೊಲಕ್ಕೆ ಹೋಗುತ್ತೇವೆ. ಬನ್ನಿಗಿಡದ ಕೆಳಗೆ ಸುಣ್ಣ ಹಚ್ಚಿದ ಐದು ಕಲ್ಲಿಟ್ಟು ಪೂಜೆ ಮಾಡಿ, ತಂದ ಅಡುಗೆಯಲ್ಲಿ ಎಲ್ಲ ಬಗೆಯದನ್ನೂ ಕಲೆಸಿ ಬೆಳೆಯ ಮೇಲೆ ಚೆಲ್ಲುವುದು. ಅದಕ್ಕೆ ಚರಗ ಎನ್ನುತ್ತೇವೆ. ಭೂಮಿತಾಯಿ ಉಂಡ ಮೇಲೆಯೇ ನಮ್ಮ ಊಟ. ಸೂರ್ಯ ನೆತ್ತಿಗೆ ಬರುವ ಮುಂಚೆ ಚರಗ ಬೀಳಬೇಕೆಂಬುದು ನಮ್ಮ ಅತ್ತೆಯ ಕಟ್ಟುನಿಟ್ಟು. ಅತ್ತೆ ಇಂಥದ್ದರಲ್ಲಿ ಬಲು ಖಡಕ್. ಹಿಂದೊಮ್ಮೆ ಬೀಗರ ಪೈಕಿಯ ಒಬ್ಬ ಮುದುಕಿಯಿಂದ ಪೂಜೆ ತಡವಾಗಿತ್ತಂತೆ. ಆ ಮುದುಕಿ ಸತ್ತು ಎಷ್ಟೋ ವರ್ಷವಾದರೂ ಪ್ರತಿ ಹಬ್ಬಕ್ಕೂ ಅವಳ ಹೆಸರು ಬರುತ್ತಿತ್ತು, ನಮ್ಮ ಮನೆತನಕ್ಕೆ ಸೊಸೆಯಾಗಿ ಬಂದಿದ್ದ ಅವಳ ಮಗಳು ತಲೆ ತಗ್ಗಿಸಿ ಕೇಳುತ್ತ ನಿಲ್ಲಬೇಕಾಗುತ್ತಿತ್ತು.

ಹೊಸ ಕೂಸು ಎತ್ತಿನ ಬಂಡಿಯಲ್ಲೇ ಮೊದಲು ಹೊಲ ನೋಡಬೇಕೆಂದು ಅತ್ತೆ ನಮ್ಮನ್ನೆಲ್ಲ ಹೊತ್ತಾರೆಯೇ ಬಂಡಿ ಹತ್ತಿಸಿದರು. ಬಂಡಿಯ ಕುಲುಕಾಟ ಅವ್ವನ ಮೊಣಕಾಲಿಗೆ ಆಗುವುದಿಲ್ಲ. ಅವಳೂ ಬಿಸಿ ಅಡುಗೆಯ ಬುಟ್ಟಿಗಳೂ ಹಿಂದಿನಿಂದ ಜೀಪಿನಲ್ಲಿ ಬರುವುದೆಂದಾಯಿತು. ಸಜ್ಜೆ ರೊಟ್ಟಿ, ಕಡಬು, ಪುಂಡಿಪಲ್ಯ, ಎಣ್ಣೆಗಾಯಿ, ಮೊಸರು, ನನ್ನ ಶೇಂಗಾ ಹೋಳಿಗೆ, ಎಲ್ಲ ಜೀಪಿನಲ್ಲೇ.

ಜೀಪು ಬರಲಿಲ್ಲ. ಕಲ್ಲು ಪೂಜೆಗೆ ಕಾದವು, ಮಕ್ಕಳು ಕಡಲೆಗಿಡ ಕಿತ್ತು ತಿನ್ನತೊಡಗಿದರು, ಫೋನು ಹಚ್ಚಿದರೆ ಹಳ್ಳದಲ್ಲಿ ರೇಂಜ್ ಸಿಗುವುದಿಲ್ಲ. ಅತ್ತೆ ಹಣೆಗೆ ಕೈ ಹಚ್ಚಿ ಸೂರ್ಯನನ್ನು ನೋಡುವುದು, ದಾರಿ ನೋಡುವುದು. ಹೊತ್ತು ನೆತ್ತಿಯಿಂದ ಆಚೆ ವಾಲಿದ ಮೇಲೆ ಜೋಳದ ಬೆಳೆಯ ನಡುವೆ ಒಂದು ತಲೆ, ತಲೆಯ ಮೇಲೆ ದೊಡ್ಡ ಬುಟ್ಟಿ ಕಾಣಿಸಿತು. ಅವಳು ನಡೆದುಕೊಂಡು ಬರುತ್ತಿದ್ದಳು. ಹಳ್ಳ ದಾಟುವಾಗ ಚೂಪುಗಲ್ಲು ಹಿಂದಿನ ಗಾಲಿಯ ಪಕ್ಕೆಯನ್ನು ಗೇಣುದ್ದ ಸೀಳಿತ್ತು. ಅವ್ವನನ್ನು ಜೀಪಿನ ನೆರಳಲ್ಲಿ ಕೂರಿಸಿ ಬಂದಿದ್ದಳು.

ಗಾಲಿ ಸೀಳಿದರೇನಾಯಿತು, ಸ್ಟೆಪ್ನಿ ಹಾಕಿ ಬರಬಹುದಿತ್ತಲ್ಲ ಎಂದು ಎಲ್ಲರ ಮನಸ್ಸಿನಲ್ಲೂ ಬಂತು. ಮಾವನವರು ಬಾಯಿಬಿಟ್ಟು ಕೇಳಿದರು.

"ಸ್ಟೆಪ್ನಿ ಎಲ್ಲೆದ?"

"ಮನ್ಯಾಗ ಉಳೀತ್ರಿ. ಮರತೆ."

ಅವಳು ಬುಟ್ಟಿ ಇಳಿಸಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಮಾವನವರು ಅವಳನ್ನೇ ನೋಡಿ, ನೀನೂ ಮರೀತಿ ಅಂದಂಗಾತು ಎಂದರು. ಅತ್ತೆ ಮಾತ್ರ ಬಿಡಲಿಲ್ಲ. ಚರಗ ತಡವಾಗಿ ಬಿತ್ತು, ಈ ವರ್ಷದ ಬೆಳೆಗೆ ಏನು ಕಾದಿದೆಯೋ, ಗಾಡಿಯ ಸೊಕ್ಕು ತಲೆಗೇರಿದರೆ ಹೀಗೇ ಆಗುವುದು ಎಂದು ಬನ್ನಿಗಿಡದ ಕೆಳಗೆ ಎಲ್ಲರೆದುರು ಅಂದರು. ಅವಳು ರೊಟ್ಟಿ ಹಂಚುತ್ತಲೇ ಇದ್ದಳು. ಆಮೇಲೆ ಬಂಡಿ ಹೋಗಿ ಅವ್ವನನ್ನು ಕರೆತಂದಿತು. ಅವ್ವ ಬಂದವಳು ಒಂದು ತುತ್ತೂ ಸರಿಯಾಗಿ ಉಣ್ಣಲಿಲ್ಲ, ತಲೆ ಎತ್ತಲಿಲ್ಲ. ಬಿಸಿಲಿಗೆ ದಣಿದಿದ್ದಾಳೆ ಎಂದುಕೊಂಡೆ.

ನನ್ನ ಮಾತು ಕೇಳಿ. ಆ ದಿನದಷ್ಟು ರುಚಿಯಾದ ಹಬ್ಬದೂಟ ನಾನು ಎಂದೂ ಉಂಡಿಲ್ಲ. ಅವಳು ತಪ್ಪಿದಳು. ಪಾಟೀಲರಿಗೂ ಇಳಿಸದ ಸ್ಟೆಪ್ನಿಯನ್ನು ಮರೆತು ಬಂದಳು. ಮನೆಗೆ ಬಂದು ನೋಡಿದರೆ ಅದು ದನದ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿತ್ತು. ಗಾಳಿ ಹಾಕಲೆಂದು ಇಳಿಸಿ ಮರೆತಿರಬೇಕು ಎಂದುಕೊಂಡೆವು. ಅಂದಿನಿಂದ ಆ ತಪ್ಪು ನನ್ನ ಆಸ್ತಿಯಾಯಿತು. ಅವಳನ್ನು ಯಾರಾದರೂ ಹೊಗಳಿದಾಗ ಅದನ್ನು ಒಳಗೊಳಗೇ ತೆಗೆದು ನೋಡಿಕೊಳ್ಳುವೆ. ಅವಳು ಜೀಪು ಹತ್ತುವಾಗ ಬಾಗಿಲಲ್ಲಿ ನಿಂತು, "ಸ್ಟೆಪ್ನಿ ಮರತಿಲ್ಲಲ್ರಿ ಅಕ್ಕಾರ?" ಎಂದು ಸಕ್ಕರೆಯಂಥ ದನಿಯಲ್ಲಿ ಕೇಳುವೆ. ಅವಳು ಪ್ರತಿ ಸಲವೂ ನಕ್ಕು, "ನೀ ಇದ್ದೀಯಲ್ಲವಾ ನೆನಪ ಮಾಡಾಕ" ಎನ್ನುವಳು. ಚುಚ್ಚಿದ್ದು ತಾಗಲಿಲ್ಲವೇ ಎಂದು ನನಗೆ ಮತ್ತೆ ಉರಿ.

ಹೋದ ವರ್ಷ ಅವಳ ಹೊಟ್ಟೆಯಲ್ಲಿ ಗಂಟು ಎಂದರು. ಮಿರಜದ ಆಸ್ಪತ್ರೆಗೆ ಕರೆದೊಯ್ದೆವು. ಜೀಪಿನಲ್ಲಿ ಅವಳು ಹಿಂದೆ ಮಲಗಿ ಹೋದದ್ದು ಅದೇ ಮೊದಲು. ಮುಂದೆ ನನ್ನ ಗಂಡ. ಮಲಗಿದಲ್ಲಿಂದಲೇ, ಗೇರು ಇಳಿಸು, ಅದು ಅಳುತ್ತಿರುವುದು ಕೇಳುವುದಿಲ್ಲವೇ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು. ಮನೆಗೆ ಕಳಿಸಿದ ಮೇಲೆ ಅವಳನ್ನು ನೋಡಲು ಯಾವ್ಯಾವ ಊರಿನ ಮಂದಿ ಬಂದರೋ. ಉಮದಿಯ ಚಾಚಾ ಬಂದು ಹಾಸಿಗೆಯ ಪಕ್ಕ ಕೂತು ಕಣ್ಣೊರೆಸಿಕೊಂಡರು. ನಾನು ಗಂಜಿ ಕಾಸಿ ಕುಡಿಸಿದೆ, ತಲೆ ಬಾಚಿದೆ, ಬಟ್ಟೆ ಬದಲಿಸಿದೆ. ಪ್ರೀತಿಯಿಂದಲೇ ಮಾಡಿದೆ, ಸುಳ್ಳಲ್ಲ. ಆದರೆ ಬಾಗಿಲಲ್ಲಿ ಸಾಲುಗಟ್ಟಿದ ಚಪ್ಪಲಿಗಳನ್ನು ನೋಡಿ, ನನಗೆ ಜ್ವರ ಬಂದಾಗ ಪಕ್ಕದ ಮನೆಯವಳೂ ಬರಲಿಲ್ಲವಲ್ಲ ಎಂದೂ ಅನಿಸಿತು. ಮನುಷ್ಯರ ಮನಸ್ಸು ಅಷ್ಟು ಸುಲಭಕ್ಕೆ ಸುಧಾರಿಸುವುದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಹೋದಳು.

ನಮ್ಮ ಪದ್ಧತಿಯಂತೆ ಅವಳನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಹೂವು ಹಾಕಿದ್ದರು. ಹೆಂಗಸರು ಸುತ್ತ ಕೂತಿದ್ದರು. ಶೇಗಾಂವದಿಂದ ಅವ್ವ ಬಂದಳು. ಇಬ್ಬರ ಹೆಗಲು ಹಿಡಿದು ಒಳಗೆ ಬಂದವಳು, ಬಗ್ಗದ ಮೊಣಕಾಲನ್ನು ಮುಂದೆ ಚಾಚಿ ಅವಳ ಎದುರಿಗೇ ಕೂತಳು. ನಮ್ಮಲ್ಲಿ ಸತ್ತವರ ಮುಂದೆ ಕೂತು ಅವರು ಮಾಡಿದ್ದನ್ನೆಲ್ಲ ಆಡಿಕೊಂಡು ಅಳುತ್ತಾರೆ. ಅವ್ವನೂ ಹಾಗೆಯೇ ರಾಗವಾಗಿ ಶುರುಮಾಡಿದಳು. ದಾಳಿಂಬೆ ತಂದದ್ದು, ಚಹ ಕುಡಿದದ್ದು, ಎಲ್ಲ ಬಂತು. ಆಮೇಲೆ ದನಿ ಏರಿತು.

"ಮಡಚದ ಮೊಣಕಾಲಿಗಿ ಜಾಗಾ ಮಾಡಿದ್ಯಲ್ಲೇ ನನ್ನವ್ವಾ… ಸ್ಟೆಪ್ನಿ ಇಳಿಸಿ ಗ್ವಾಡಿಗಿ ಹಚ್ಚಿದ್ಯಲ್ಲೇ ನನ್ನವ್ವಾ… ಮರತೆ ಅಂತ ಮಂದ್ಯಾಗ ಸುಳ್ಳ ಹೇಳಿದ್ಯಲ್ಲೇ ನನ್ನವ್ವಾ… ಬೀಗ್ತಿ ಮಾನಾ ಕಾಯ್ದ್ಯಲ್ಲೇ ನನ್ನವ್ವಾ…"

ಅಳುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಅವ್ವನ ಕಡೆ ತಿರುಗಿದರು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಹೊರಗೆ ಗಂಡಸರ ನಡುವೆ ಕೂತಿದ್ದ ಮಾವನವರು ಎದ್ದು ಬಾಗಿಲಿಗೆ ಬಂದು ನಿಂತರು. ಅವಳಿಂದ ಆದದ್ದು ಒಂದೇ ಒಂದು ತಪ್ಪು. ಅದೂ ತಪ್ಪಲ್ಲವಂತೆ. ಮುಂದಿನ ಸೀಟಿನಲ್ಲಿ ಕಾಲು ಮಡಚಲಾರದ ನನ್ನವ್ವ ಹಿಂದೆ ಕಾಲು ಚಾಚಿ ಕೂರಲೆಂದು ಇಳಿಸಿದ್ದಂತೆ. ಅವಳ ಮೇಲೆ ನನಗಿದ್ದದ್ದು ಒಂದೇ ಗೆಲುವು, ಹೋಗುವಾಗ ಅದನ್ನೂ ಬಿಡದೆ ಒಯ್ದಳಲ್ಲ ಎಂದು ಸಿಟ್ಟು ಬಂತು. ಹೆಣದ ಮೇಲೆ ಸಿಟ್ಟು. ಅದಕ್ಕೂ ಮಿಗಿಲಾಗಿ ಕಿವಿಗೆ ಬಿದ್ದದ್ದು ಆ "ನನ್ನವ್ವಾ". ನನ್ನನ್ನು ಹೆತ್ತವಳು ಅವಳನ್ನು ಹಾಗೆ ಕರೆದು ಎದೆ ಬಡಿದುಕೊಳ್ಳುತ್ತಿದ್ದಳು, ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ.

ಮಣ್ಣು ಮುಗಿಸಿ ಬಂದ ಮೇಲೆ, ಸಂಜೆ, ಹಿತ್ತಲಲ್ಲಿ ಅವ್ವನ ಮೊಣಕಾಲಿಗೆ ಬಿಸಿನೀರು ಹಾಕುತ್ತಿದ್ದೆ. ಇಷ್ಟು ವರ್ಷ ನನಗ್ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೆಗೆಣ್ಣಿ ಆಣೆ ಹಾಕಿಸಿಕೊಂಡಿದ್ದಳಂತೆ. ಹಳ್ಳದಲ್ಲಿ ಗಾಲಿ ಸೀಳಿದಾಗ ಅವ್ವ ಹೆದರಿ ನಡುಗುತ್ತಿದ್ದರೆ, ಅವಳು ಎದುರಿಗೆ ಕೂತು, ಇದು ನಿಮ್ಮಿಂದ ಆಯಿತೆಂದು ಗೊತ್ತಾದರೆ ಅತ್ತೆಯವರು ನಮ್ಮ ತಂಗಿಗೆ ಜೀವ ಇರುವತನಕ ಆಡಿ ತೋರಿಸುತ್ತಾರೆ, ನೀವು ಬಾಯಿ ಬಿಡಬೇಡಿ ಎಂದಳಂತೆ. ನಾನು ಅವಳನ್ನು ಆಡಿ ತೋರಿಸಿದ ಒಂದೊಂದು ಸಲವೂ ನೆನಪಾಯಿತು. ಆದರೂ ಬಾಯಿಂದ ಬಂದದ್ದು ಬೇರೆಯೇ ಮಾತು.

"ನಾ ಸತ್ತಿದ್ರ ಹಿಂಗ ಅಳತಿದ್ದೇನವ್ವಾ ನೀ?"

ಅವ್ವ ಬೈಯಲಿಲ್ಲ. ನನ್ನ ಒದ್ದೆ ಕೈ ಹಿಡಿದುಕೊಂಡಳು.

"ಯಾರ ಸಲುವಾಗಿ ಅತ್ನಿ ಅಂತ ತಿಳದಿ? ನಂದೇನು ಇವತ್ತ ಅದೀನಿ, ನಾಳೆ ಇಲ್ಲ. ನಿನಗ ಅಣ್ಣ ಇಲ್ಲ, ತಮ್ಮ ಇಲ್ಲ. ನಾ ಹೋದ ಮ್ಯಾಲೆ ತವರಮನಿ ಅಂತ ಆಕಿ ಅದಾಳ ಅನ್ನೂ ಧೈರ್ಯದಾಗ ಇದ್ನಿ. ಅದಕ್ಕ ಆಕಿ ಹತ್ರ ಹೋಗಿ ಹೋಗಿ ಕುಂದ್ರತಿದ್ನಿ, ನಿನ್ನ ಸುದ್ದಿ ಹೇಳತಿದ್ನಿ. ಈಗ ನಿನಗ ಯಾರ ಅದಾರ?"

ನೀರು ತಣ್ಣಗಾಗಿತ್ತು. ಅಂಗಳದಲ್ಲಿ ಅವರಿಬ್ಬರೂ ನಗುತ್ತ ಕೂತಿದ್ದ ಆ ಎಲ್ಲ ಮಧ್ಯಾಹ್ನಗಳಲ್ಲಿ ಅವಳು ನನ್ನವ್ವನನ್ನು ನನ್ನಿಂದ ಕಸಿದುಕೊಳ್ಳುತ್ತಿದ್ದಾಳೆ ಎಂದು ನಾನು ಒಳಗೆ ಬೇಯುತ್ತಿದ್ದೆ. ಹೊರಗೆ ಅವ್ವ ನನ್ನನ್ನು ಅವಳ ಕೈಗೆ ಒಪ್ಪಿಸುತ್ತಿದ್ದಳು.